ಅಪ್ಪಯ್ಯನ ರಿಪೋರ್ಟಿನಲ್ಲಿ ‘ಲೋ ಗ್ರೇಡ್ ಲಿಂಫೋಮಾ’ ಅಂತಿದೆ. ಒಳ್ಳೇದಾ, ಕೆಟ್ಟದ್ದಾ?

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಅಪ್ಪಯ್ಯನಿಗೆ 67. ದೀಪಾವಳಿ ಹೊತ್ತಿಗೆ ಕುತ್ತಿಗೆಯ ಬಲಗಡೆ ಒಂದು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಜ್ವರವಿಲ್ಲ. ಕೊನೆಕೊಯ್ಲು ಮುಗಿಯಲಿ ಅಂತ ಎರಡು ತಿಂಗಳು ದೂಡಿದರು. ಆಮೇಲೆ ಹುಬ್ಬಳ್ಳಿಗೆ ಹೋಗಿ ಗಂಟು ತೆಗೆಸಿದೆವು. ರಿಪೋರ್ಟ್ ಹೀಗಿದೆ: ‘ಫಾಲಿಕ್ಯುಲರ್ ಲಿಂಫೋಮಾ, ಗ್ರೇಡ್ 1-2, ಲೋ ಗ್ರೇಡ್’. ಲಿಂಫೋಮಾ ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಅಂತೆ. ಪೆಟ್ ಸ್ಕ್ಯಾನ್, ಬೋನ್ ಮ್ಯಾರೋ (ಮೂಳೆಮಜ್ಜೆ) ಪರೀಕ್ಷೆ ಎರಡೂ ಆದ ಮೇಲೆ ‘ಸ್ಟೇಜ್ 4’ ಅಂತ ಬರೆದರು.

ನಮ್ಮದು ಅಡಿಕೆ ಮನೆ. ಗ್ರೇಡ್ ಅಂದ ಕೂಡಲೇ ಅಣ್ಣನಿಗೆ ನೆನಪಾದದ್ದು ಅಡಿಕೆ ಆರಿಸುವುದು. ರಾಶಿ ಒಂದು ಕಡೆ, ಬೆಟ್ಟೆ ಒಂದು ಕಡೆ, ಕಡೆಗೆ ಉಳಿದದ್ದು ಕೋಕಾ. ‘ಲೋ ಗ್ರೇಡ್ ಅಂದ್ರೆ ಕೋಕಾ, ಮುಗೀತು’ ಅಂದ. ಚಿಕ್ಕಪ್ಪ ಹೇಳಿದ್ದು ಉಲ್ಟಾ: ‘ಲೋ ಅಂದ್ರೆ ಕಮ್ಮಿ, ಕಮ್ಮಿ ಅಂದ್ರೆ ಒಳ್ಳೇದಲ್ವಾ’. ಹಾಗಾದ್ರೆ ಸ್ಟೇಜ್ 4 ಯಾಕೆ ಬಂತು?

ಡಾಕ್ಟರು ಐದು ನಿಮಿಷ ಮಾತಾಡಿದರು. ಸದ್ಯ ಔಷಧ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಕ್ಯಾನ್ಸರ್ ಅಂತ ಹೇಳಿ ಒಂದು ಮಾತ್ರೆಯನ್ನೂ ಕೊಡದೆ ಕಳಿಸಿದ್ದಾರೆ. ಕೈಬಿಟ್ಟರು ಅಂತಲೇ ಆಯಿ ತಿಳಿದಿದ್ದಾಳೆ. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಗೊತ್ತಿದ್ದವರು ಹೇಳಿ, ಗ್ರೇಡ್ ನೋಡಿ ಎಷ್ಟು ವರ್ಷ ಅಂತ ಹೇಳಲಿಕ್ಕೆ ಬರುತ್ತದಾ?

ಕಾಳಿ ಸೇತುವೆ, ಕಾರವಾರ

ತಂಗೀ, ಮೊದಲು ಆಯಿಗೆ ಊಟ ಮಾಡಿಸು. ನಂದು ನಿಮ್ಮ ಅಪ್ಪಯ್ಯನಿಗಿಂತ ಜೋರಿನದು. 2013ರಲ್ಲಿ ‘ಡಿಫ್ಯೂಸ್ ಲಾರ್ಜ್ ಬಿ ಸೆಲ್’ ಲಿಂಫೋಮಾ ಅಂತ ಬಂತು. ಡಾಕ್ಟರು ಹೈ ಗ್ರೇಡ್ ಅಂದಾಗ ನಮ್ಮ ಅಮ್ಮ ‘ಹೈ ಅಂದ್ರೆ ಚಲೋ ಅಲ್ವಾ ಡಾಕ್ಟ್ರೇ’ ಅಂತ ಕೇಳಿದ್ದರು. ಆ ಡಾಕ್ಟರು ನಗಲಿಲ್ಲ. ‘ಅಮ್ಮಾ, ಇದು ಮಾರ್ಕ್ಸ್ ಅಲ್ಲ, ಸ್ಪೀಡು’ ಅಂದರು. ಅದೊಂದು ಮಾತು ನನಗೆ ಇವತ್ತಿಗೂ ನೆನಪಿದೆ.

ನನ್ನ ಗಂಟು ಮೂರು ವಾರದಲ್ಲಿ ನಿಂಬೆಯಿಂದ ಮೂಸಂಬಿಯಷ್ಟಾಗಿತ್ತು. ರಾತ್ರಿ ಬೆವರಿ ಬನಿಯನ್ ಹಿಂಡುವಷ್ಟು ಒದ್ದೆ. ಕಾಯುವ ಮಾತೇ ಇರಲಿಲ್ಲ, ಅದೇ ವಾರ ಕೀಮೋ ಶುರು. 21 ದಿನಕ್ಕೊಂದರಂತೆ ಆರು ಸಲ. ರೈಲಿನಲ್ಲಿ ಉಡುಪಿಗೆ ಹೋಗಿ ಬರುವುದು. ಆರ್-ಚಾಪ್ ಅಂತ ಅದರ ಹೆಸರು. ಅದರಲ್ಲಿ ಒಂದು ಕೆಂಪು ಔಷಧ ಇದೆ, ನೋಡಲು ಥೇಟ್ ಮುರುಗಲು ಪಾನಕ. ಮೂತ್ರವೂ ಅದೇ ಬಣ್ಣ. ಆಮೇಲೆ ಎರಡು ವರ್ಷ ಮುರುಗಲು ಪಾನಕ ಮುಟ್ಟಲಿಲ್ಲ ನಾನು. ಈಗ ಮತ್ತೆ ಕುಡೀತೇನೆ.

ಹೈ ಗ್ರೇಡಿನವನು ನಾನು, ಇಲ್ಲಿ ಕೂತು ಬರೆಯುತ್ತಿದ್ದೇನೆ. ಇಷ್ಟೇ ಹೇಳೋದು.

ಸ್ಲೈಡ್ ನೋಡುವವಳು, ಹೊನ್ನಾವರದವಳು, ಈಗ ಹುಬ್ಬಳ್ಳಿ

ನಾನು ಪೆಥಾಲಜಿ ಡಾಕ್ಟರು. ನಿಮ್ಮ ಅಪ್ಪಯ್ಯನ ರಿಪೋರ್ಟ್ ನೋಡಿಲ್ಲ, ಹಾಗಾಗಿ ಅವರ ಬಗ್ಗೆ ತೀರ್ಪು ಕೊಡುವುದಿಲ್ಲ. ಆದರೆ ಗ್ರೇಡ್ ಹಾಕುವುದೇ ನನ್ನ ದಿನದ ಕೆಲಸ. ಅದನ್ನು ಹೇಗೆ ಹಾಕುತ್ತೇವೆ ಅಂತ ಹೇಳಿದರೆ ಅರ್ಧ ಹೆದರಿಕೆ ಹೋಗಬಹುದು.

ತೆಗೆದ ಗಂಟನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತೇವೆ. ಒಂದು ನೇರಳೆ, ಒಂದು ಗುಲಾಬಿ. ಫಾಲಿಕ್ಯುಲರ್ ಆದರೆ ಜೀವಕೋಶಗಳು ದುಂಡು ದುಂಡು ಗುಂಪು ಕಟ್ಟಿಕೊಂಡಿರುತ್ತವೆ. ಆ ಗುಂಪಿನೊಳಗೆ ಎರಡು ಜಾತಿ. ಸಣ್ಣವು, ಸುಕ್ಕಾದವು ಜಾಸ್ತಿ ಇರುತ್ತವೆ. ನಡುನಡುವೆ ದೊಡ್ಡ ದುಂಡನೆಯವು, ಅಂಚಿನಲ್ಲಿ ಎರಡು ಮೂರು ಚುಕ್ಕಿ ಇಟ್ಟ ಹಾಗೆ. ಈ ದೊಡ್ಡವಕ್ಕೆ ಸೆಂಟ್ರೋಬ್ಲಾಸ್ಟ್ ಅಂತ ಹೆಸರು. ಅವೇ ಬೇಗ ಬೇಗ ಒಡೆದು ಎರಡಾಗುವವು. ಮೈಕ್ರೋಸ್ಕೋಪಿನ 40ರ ಲೆನ್ಸ್ ಹಾಕಿ, ಬೇರೆ ಬೇರೆ ಹತ್ತು ಗುಂಪಿನಲ್ಲಿ ಅವನ್ನು ಎಣಿಸಿ ಸರಾಸರಿ ತೆಗೆಯುತ್ತೇವೆ. ಒಂದು ನೋಟಕ್ಕೆ 5ರವರೆಗೆ ಇದ್ದರೆ ಗ್ರೇಡ್ 1. 6ರಿಂದ 15 ಇದ್ದರೆ ಗ್ರೇಡ್ 2. ಅದಕ್ಕಿಂತ ಹೆಚ್ಚಾದರೆ 3. ಮೂರರಲ್ಲೂ ಸಣ್ಣವು ಇನ್ನೂ ಉಳಿದಿದ್ದರೆ 3ಎ, ಬರೀ ದೊಡ್ಡವೇ ತುಂಬಿದ್ದರೆ 3ಬಿ.

ಕಾಫಿ ಕುಡಿಯುವ ಮೊದಲು ಎಣಿಸಿದರೆ 5, ಆಮೇಲೆ ಎಣಿಸಿದರೆ 7 ಆಗುವುದುಂಟು. ತಮಾಷೆ ಅಲ್ಲ, ಇಬ್ಬರು ಪೆಥಾಲಜಿಸ್ಟರ ಎಣಿಕೆ ಹೊಂದುವುದು ಕಷ್ಟ ಅಂತ ಎಲ್ಲರಿಗೂ ಗೊತ್ತು. 1 ಮತ್ತು 2ರವರ ಮುಂದಿನ ದಾರಿಯೂ ಬೇರೆ ಬೇರೆ ಅಲ್ಲ. ಅದಕ್ಕೇ 2008ರಿಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಎರಡನ್ನೂ ಸೇರಿಸಿ ‘1-2, ಲೋ ಗ್ರೇಡ್’ ಅಂತ ಬರೆಯುತ್ತೇವೆ. ನಿಮ್ಮ ರಿಪೋರ್ಟಿನಲ್ಲಿರುವುದು ಅದೇ. 3ಬಿ ಮಾತ್ರ ಬೇರೆ ಪ್ರಾಣಿ. ಅದನ್ನು ಕಾರವಾರದ ಅಣ್ಣನಿಗೆ ಬಂದ ಕಾಯಿಲೆಯ ಹಾಗೆಯೇ ನೋಡುತ್ತಾರೆ, ಔಷಧವೂ ಅದೇ.

ಇನ್ನು ಸ್ಟೇಜ್. ಗ್ರೇಡ್ ಅಂದರೆ ಜೀವಕೋಶದ ಸ್ವಭಾವ, ಸ್ಟೇಜ್ ಅಂದರೆ ಎಲ್ಲೆಲ್ಲಿ ಇದೆ ಅನ್ನುವುದು. ಎರಡನ್ನೂ ಬೆರೆಸಬೇಡಿ. ಫಾಲಿಕ್ಯುಲರ್ ನಿಧಾನದ ಕಾಯಿಲೆ, ನೋವೂ ಕೊಡುವುದಿಲ್ಲ. ಗೊತ್ತಾಗುವಷ್ಟರಲ್ಲಿ ವರ್ಷಗಟ್ಟಲೆ ಓಡಾಡಿರುತ್ತದೆ. ಹಾಗಾಗಿ ಹೆಚ್ಚಿನವರಿಗೆ ಮೊದಲ ದಿನವೇ ಸ್ಟೇಜ್ 3 ಅಥವಾ 4 ಇರುತ್ತದೆ, ಮ್ಯಾರೋದಲ್ಲೂ ಸಿಗುತ್ತದೆ. ಹೊಟ್ಟೆಯ, ಶ್ವಾಸಕೋಶದ ಕ್ಯಾನ್ಸರಿನ ಸ್ಟೇಜ್ 4 ಕೇಳಿ ಹೆದರಿದ ಕಿವಿ ನಮ್ಮದು. ಇಲ್ಲಿ ಆ ಅರ್ಥ ಇಲ್ಲ.

ಲೆಕ್ಕದ ಮಾಸ್ತರು, ಯಲ್ಲಾಪುರ

ಮೇಡಂ, ಎಣಿಕೆ ತಿಳಿಯಿತು. ಆದರೆ ಕೇಳಿದ ಪ್ರಶ್ನೆ ಅದಲ್ಲ. ದೊಡ್ಡ ಜೀವಕೋಶ ಎಷ್ಟು ಅಂತ ಎಣಿಸಿದರೆ ಮನುಷ್ಯ ಎಷ್ಟು ವರ್ಷ ಬದುಕುತ್ತಾನೆ ಅಂತ ಹೇಗೆ ಗೊತ್ತಾಗುತ್ತದೆ? ಯಾರೋ ಯಾವಾಗಲೋ ಲೆಕ್ಕ ಇಟ್ಟಿರಬೇಕಲ್ಲ. ಜಾತಕ ನೋಡಿ ಆಯುಷ್ಯ ಹೇಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಕೊಂಕು ಮಾತಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಸ್ಲೈಡ್ ನೋಡುವವಳು

ಒಳ್ಳೆ ಪ್ರಶ್ನೆ ಮಾಸ್ತರೇ. ಲೆಕ್ಕ ಇಟ್ಟಿದ್ದಾರೆ, ಅದಕ್ಕೊಂದು ಜಗಳದ ಕಥೆಯೂ ಇದೆ.

1970ರ ದಶಕದಲ್ಲಿ ಲಿಂಫೋಮಾಗಳನ್ನು ವಿಂಗಡಿಸುವ ಪದ್ಧತಿ ಒಂದಲ್ಲ, ಆರು ಇದ್ದವು. ಒಬ್ಬ ಪೆಥಾಲಜಿಸ್ಟ್ ಒಂದು ಹೆಸರು ಬರೆದರೆ ಇನ್ನೊಂದು ದೇಶದಲ್ಲಿ ಅದಕ್ಕೆ ಬೇರೆ ಹೆಸರು. ಚಿಕಿತ್ಸೆ ಕೊಡುವ ಡಾಕ್ಟರು ತಲೆ ಕೆಡಿಸಿಕೊಂಡರು. ಕಡೆಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1175 ರೋಗಿಗಳ ಸ್ಲೈಡುಗಳನ್ನು ಒಟ್ಟು ಹಾಕಿಸಿತು. ಅವರೆಲ್ಲ ಎಷ್ಟು ವರ್ಷ ಬದುಕಿದರು ಅನ್ನುವುದೂ ದಾಖಲೆಯಲ್ಲಿತ್ತು. ಆರೂ ಪದ್ಧತಿಯಲ್ಲಿ ವಿಂಗಡಿಸಿ ನೋಡಿದರೆ ಯಾವುದೂ ಮತ್ತೊಂದಕ್ಕಿಂತ ಮೇಲಾಗಿ ಕಾಣಲಿಲ್ಲ. ಆಗ ಬದುಕಿದ ವರ್ಷಗಳನ್ನೇ ಅಳತೆ ಮಾಡಿಕೊಂಡು ಮೂರು ರಾಶಿ ಹಾಕಿದರು: ಲೋ, ಇಂಟರ್‌ಮೀಡಿಯೆಟ್, ಹೈ. 1982ರಲ್ಲಿ ಇದು ‘ವರ್ಕಿಂಗ್ ಫಾರ್ಮ್ಯುಲೇಶನ್’ ಅಂತ ಪ್ರಕಟವಾಯಿತು.

ಅಂದರೆ ಜಾತಕದ ಹಾಗೆ ಮುಂದಿನದನ್ನು ಊಹಿಸಿದ್ದಲ್ಲ, ಹಿಂದೆ ಆದದ್ದನ್ನು ನೋಡಿ ರಾಶಿ ಹಾಕಿದ್ದು. ಆ ಲೆಕ್ಕದಲ್ಲಿ ಐದು ವರ್ಷ ದಾಟಿದವರು ಲೋ ಗ್ರೇಡಿನ ಗುಂಪುಗಳಲ್ಲಿ 100ಕ್ಕೆ 50ರಿಂದ 70. ನಡುವಿನ ಗುಂಪುಗಳಲ್ಲಿ 33ರಿಂದ 45. ಹೈ ಗ್ರೇಡಿನಲ್ಲಿ 23ರಿಂದ 32. ಕಾರವಾರದ ಅಣ್ಣನ ‘ಡಿಫ್ಯೂಸ್ ಲಾರ್ಜ್’ ಆಗ ನಡುವಿನ ರಾಶಿಯಲ್ಲಿತ್ತು. ಈಗ ಮಾತಿನಲ್ಲಿ ಅದನ್ನೂ ಹೈ ಗ್ರೇಡ್ ಅನ್ನುತ್ತಾರೆ. ‘ಅಗ್ರೆಸಿವ್’, ಅಂದರೆ ಜೋರಿನದು, ಅನ್ನುವುದು ಹೆಚ್ಚು ಸರಿ.

ಈ ಅಂಕಿ ನೋಡಿ ಯಾರೂ ಎದೆ ಒಡೆದುಕೊಳ್ಳಬೇಡಿ. ಇವೆಲ್ಲ ರಿಟುಕ್ಸಿಮ್ಯಾಬ್ (ಆರ್-ಚಾಪ್‌ನಲ್ಲಿರುವ ‘ಆರ್’) ಬರುವ ಮೊದಲಿನವು. ಆ ಔಷಧಕ್ಕೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದ್ದು 1997ರಲ್ಲಿ. 2002ರಲ್ಲಿ ಫ್ರೆಂಚ್ ಡಾಕ್ಟರುಗಳ ತಂಡ ‘ಡಿಫ್ಯೂಸ್ ಲಾರ್ಜ್’ ಬಂದ 60ರಿಂದ 80 ವಯಸ್ಸಿನವರ ಮೇಲೆ ನಡೆಸಿದ ಅಧ್ಯಯನ ಬಂತು. ಹಳೆಯ ಕೀಮೋ ಒಂದೇ ಪಡೆದವರಲ್ಲಿ ಎರಡು ವರ್ಷಕ್ಕೆ 100ಕ್ಕೆ 57 ಮಂದಿ ಇದ್ದರು. ರಿಟುಕ್ಸಿಮ್ಯಾಬ್ ಸೇರಿಸಿದಾಗ 70. ಸ್ಲೈಡ್ ಅದೇ, ಗ್ರೇಡ್ ಅದೇ, ಔಷಧ ಬದಲಾಯಿತು.

ಲೆಕ್ಕದ ಮಾಸ್ತರು

ಈಗ ದಾರಿಗೆ ಬಂತು. ಆದರೆ ಒಂದು ತೊಡಕು. ಲೋ ಗ್ರೇಡಿನವರು ಜಾಸ್ತಿ ಬದುಕುತ್ತಾರೆ ಅಂದಿರಿ. ಮತ್ತೆ ಕಾರವಾರದವರು ಪೂರ್ತಿ ಗುಣವಾಗಿದ್ದಾರೆ, ಶಿರಸಿಯವರಿಗೆ ಔಷಧವೇ ಇಲ್ಲ. ಯಾವುದು ಮೇಲು?

ಸ್ಲೈಡ್ ನೋಡುವವಳು

ಇದೇ ಎಲ್ಲರೂ ಎಡವುವ ಜಾಗ. ನೀವು ಗ್ರಾಫ್ ಬರೆಯುವವರು, ಗ್ರಾಫಿನಲ್ಲೇ ಹೇಳುತ್ತೇನೆ. ಅಡ್ಡಕ್ಕೆ ವರ್ಷ, ಉದ್ದಕ್ಕೆ ಎಷ್ಟು ಮಂದಿ ಉಳಿದರು ಅಂತ ಇಟ್ಟುಕೊಳ್ಳಿ.

ಅಗ್ರೆಸಿವ್ ಲಿಂಫೋಮಾದ ಗೆರೆ ದೇವಿಮನೆ ಘಟ್ಟ ಇಳಿದ ಹಾಗೆ. ಮೊದಲ ಎರಡು ವರ್ಷ ಕಡಿದಾದ ತಿರುವು, ಅಲ್ಲೇ ಅಪಾಯ. ಕತಗಾಲ ದಾಟಿದರೆ ಕುಮಟೆಯವರೆಗೆ ಸಪಾಟು. ಚಿಕಿತ್ಸೆ ಮುಗಿಸಿ, ಗೊತ್ತಾದ ದಿನದಿಂದ 24 ತಿಂಗಳು ಕಾಯಿಲೆ ಮರಳದೆ ದಾಟಿದವರ ಮುಂದಿನ ಆಯುಷ್ಯ ಬಹುತೇಕ ಅವರದೇ ವಯಸ್ಸಿನ ಬೇರೆಯವರಷ್ಟೇ ಇರುತ್ತದೆ. ಲೋ ಗ್ರೇಡಿನ ಗೆರೆಯಲ್ಲಿ ಅಂಥ ಘಟ್ಟ ಇಲ್ಲ. ಮೆಲ್ಲನೆ, ಬಹಳ ಮೆಲ್ಲನೆ ಇಳಿಯುತ್ತದೆ. ಆದರೆ ಹಿಂದಿನ ಲೆಕ್ಕಗಳಲ್ಲಿ ಅದು ಎಲ್ಲೂ ಪೂರ್ತಿ ಸಪಾಟಾಗಿ ನಿಂತದ್ದಿಲ್ಲ. ಮೊದಲ ಕೆಲವು ವರ್ಷ ನೋಡಿದರೆ ಲೋ ಗ್ರೇಡ್ ಮೇಲೆ ಕಾಣುತ್ತದೆ. ಪೂರ್ತಿ ಗುಣವಾಗುವವರನ್ನು ಎಣಿಸಿದರೆ ಅಗ್ರೆಸಿವ್ ಮೇಲೆ ಬರುತ್ತದೆ.

ಕಾರಣ ಸರಳ. ಕೀಮೋ ಹೊಡೆಯುವುದು ಒಡೆಯುತ್ತಿರುವ ಜೀವಕೋಶಕ್ಕೆ. ಬೇಗ ಒಡೆಯುವುದು ಬೇಗ ಸಿಕ್ಕಿಬೀಳುತ್ತದೆ. ಫಾಲಿಕ್ಯುಲರಿನಲ್ಲಿ ಜೀವಕೋಶಗಳು ಹೆಚ್ಚಾಗಿ ಹುಟ್ಟುವುದಕ್ಕಿಂತ ಸಾಯದೆ ಉಳಿಯುವುದೇ ತೊಂದರೆ. ಸುಮಾರು 85 ಭಾಗ ರೋಗಿಗಳಲ್ಲಿ 14 ಮತ್ತು 18ನೇ ಕ್ರೋಮೊಸೋಮುಗಳು ತುಂಡು ಅದಲುಬದಲು ಮಾಡಿಕೊಂಡಿರುತ್ತವೆ. ಅದರಿಂದ ಬಿಸಿಎಲ್2 ಅನ್ನುವ ಪ್ರೋಟೀನು ಅತಿಯಾಗಿ, ಸಾಯಬೇಕಾದ ಜೀವಕೋಶ ಸಾಯುವುದಿಲ್ಲ. ರಿಟೈರ್ ಆದವರು ಕುರ್ಚಿ ಬಿಡದ ಹಾಗೆ.

ಇನ್ನೊಂದು ತುದಿಯಲ್ಲಿ ಬರ್ಕಿಟ್ ಲಿಂಫೋಮಾ. ಡೆನಿಸ್ ಬರ್ಕಿಟ್ ಅನ್ನುವ ಸರ್ಜನ್ ಉಗಾಂಡಾದ ಮಕ್ಕಳಲ್ಲಿ ಕಂಡು 1958ರಲ್ಲಿ ಬರೆದದ್ದು. ಅದರಲ್ಲಿ ಕೆಐ-67 ಅನ್ನುವ ಪರೀಕ್ಷೆ, ಅಂದರೆ ಎಷ್ಟು ಜೀವಕೋಶ ಒಡೆಯುವ ಕೆಲಸದಲ್ಲಿವೆ ಅನ್ನುವುದು, ಹತ್ತಿರ ಹತ್ತಿರ 100ಕ್ಕೆ 100. ಗಂಟು ಒಂದೆರಡು ದಿನದಲ್ಲೇ ದುಪ್ಪಟ್ಟಾಗಬಹುದು. ಸುಮ್ನೆ ಬಿಟ್ಟರೆ ವಾರಗಳ ಮಾತು. ಸರಿಯಾದ ಜೋರು ಕೀಮೋ ಸಮಯಕ್ಕೆ ಸಿಕ್ಕರೆ ಮಕ್ಕಳಲ್ಲಿ 10ರಲ್ಲಿ ಸುಮಾರು 9 ಮಂದಿ ಗುಣವಾಗುತ್ತಾರೆ.

ಭಟ್ಕಳ ಮಲ್ಲಿಗೆ

ನನ್ನ ಅತ್ತೆಗೂ ಕಂಕುಳಲ್ಲಿ ಗಂಟು ಇದೆ. ಸೂಜಿ ಚುಚ್ಚಿದರೆ, ಕತ್ತರಿ ಹಾಕಿದರೆ ಹರಡುತ್ತದೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಸೂಜಿ ಪರೀಕ್ಷೆ ಸಾಕಾ, ಇಡೀ ಗಂಟು ತೆಗೆಸಬೇಕಾ?

ಸ್ಲೈಡ್ ನೋಡುವವಳು

ಲಿಂಫೋಮಾ ಗಂಟು ತೆಗೆದದ್ದರಿಂದ ಹರಡುವುದಿಲ್ಲ. ಅದು ಮೊದಲೇ ರಕ್ತ, ಗ್ರಂಥಿ ಅಂತ ಓಡಾಡುವ ಜೀವಕೋಶ. ಸೂಜಿಯಲ್ಲಿ ಬರುವುದು ಬಿಡಿ ಬಿಡಿ ಜೀವಕೋಶಗಳು. ಗುಂಪು ಕಟ್ಟಿವೆಯಾ, ಹರಡಿವೆಯಾ ಅನ್ನುವುದು ಅದರಲ್ಲಿ ಕಾಣದು. ಮನೆ ಹೇಗಿತ್ತು ಅಂತ ನಾಲ್ಕು ಹೆಂಚು ತಂದು ಕೇಳಿದರೆ ಹೇಗೆ ಹೇಳಲಿ? ಲಿಂಫೋಮಾ ಅನುಮಾನ ಇದ್ದರೆ, ತೆಗೆಯಲು ಆಗುವ ಜಾಗವಾದರೆ, ಇಡೀ ಗಂಟು ಬೇಕು.

ಮತ್ತೊಂದು ಮಾತು, ಸಿಟ್ಟಿನಿಂದಲೇ ಬರೆಯುತ್ತೇನೆ. ಗಂಟು ಹಾಕಿದ ಡಬ್ಬಿಯಲ್ಲಿ ಏನಿದೆ ಅಂತ ಕೇಳಿ. ಫಾರ್ಮಲಿನ್ (ಕೊಳೆಯದಂತೆ ಇಡುವ ದ್ರಾವಣ) ಇರಬೇಕು, ಗಂಟಿನ ಹತ್ತು ಪಟ್ಟು. ಒಮ್ಮೆ ಘಟ್ಟದ ಕೆಳಗಿಂದ ಸಲೈನಿನಲ್ಲಿ ಹಾಕಿ, ಬಸ್ಸಿನಲ್ಲಿ, ಏಪ್ರಿಲ್ ಬಿಸಿಲಲ್ಲಿ ಕಳಿಸಿದ್ದರು. ನನ್ನ ಕೈಗೆ ಬಂದದ್ದು ಕೊಳೆತ ತುಂಡು. ಗ್ರೇಡ್ ಇರಲಿ, ಹೆಸರೂ ಹೇಳಲು ಆಗಲಿಲ್ಲ. ಆ ಹೆಂಗಸಿಗೆ ಇನ್ನೊಂದು ಸಲ ಕತ್ತರಿ.

ಕರಿ ಈಶಾಡು, ಅಂಕೋಲಾ

ನಮ್ಮ ತಮ್ಮನ ಕಥೆ ಇಲ್ಲಿ ಹೇಳಲೇಬೇಕು. ಮೀನು ಲಾರಿ ಓಡಿಸುತ್ತಾನೆ, 34 ವಯಸ್ಸು. ಕುತ್ತಿಗೆಯಲ್ಲಿ ಗಂಟು, ಸಂಜೆ ಜ್ವರ, ತೂಕ ಇಳಿಯಿತು. ಸೂಜಿ ಪರೀಕ್ಷೆ ಮಾಡಿ ಒಂದು ಕಡೆ ಟಿಬಿ ಅಂದರು. ಆರು ತಿಂಗಳ ಮಾತ್ರೆ ಶುರು. ಮೂರನೇ ತಿಂಗಳಿಗೆ ಗಂಟು ಇಳಿಯುವುದು ಬಿಟ್ಟು ಎದೆಯ ಒಳಗೂ ಬಂತು. ಆಮೇಲೆ ಇಡೀ ಗಂಟು ತೆಗೆಸಿದಾಗ ಹಾಡ್ಜ್‌ಕಿನ್ ಲಿಂಫೋಮಾ. ಬೈದು ಪ್ರಯೋಜನ ಇಲ್ಲ, ನಮ್ಮ ಕಡೆ ಗಂಟು ಅಂದರೆ ಟಿಬಿಯೇ ಜಾಸ್ತಿ. ಎರಡನೇ ತಿಂಗಳಲ್ಲೇ ನಾವೇ ಕೇಳಬೇಕಿತ್ತು.

ಅವನ ರಿಪೋರ್ಟಿನಲ್ಲಿ ಗ್ರೇಡ್ ಅಂತ ಏನೂ ಇಲ್ಲ. ಮರೆತರಾ?

ಸ್ಲೈಡ್ ನೋಡುವವಳು

ಮರೆತಿಲ್ಲ. ಹಾಡ್ಜ್‌ಕಿನ್‌ಗೆ ಈ ತರಹ ಗ್ರೇಡ್ ಹಾಕುವುದಿಲ್ಲ. ಅಲ್ಲಿ ಸ್ಟೇಜ್, ಜ್ವರ-ಬೆವರು-ತೂಕ ಇಳಿಕೆ, ಎದೆಯ ಗಂಟಿನ ಗಾತ್ರ ಇವೇ ಮುಖ್ಯ. ಹೆಚ್ಚಿನವರು ಗುಣವಾಗುವ ಕಾಯಿಲೆ ಅದು. ತಮ್ಮನಿಗೆ ಕೀಮೋ ತಪ್ಪಿಸಬೇಡಿ ಅಂತ ಹೇಳಿ.

ನಿರ್ವಾಹಕ

ಗೆಡ್ಡೆ ಕಷಾಯದಿಂದ ‘ಯಾವ ಗ್ರೇಡಾದರೂ 40 ದಿನದಲ್ಲಿ ಮಾಯ’ ಅಂತ ಫೋನ್ ನಂಬರ್ ಹಾಕಿದ್ದ ಎರಡು ಬರಹ ತೆಗೆದಿದ್ದೇನೆ. ಜಿಲ್ಲೆಗೆ ದೊಡ್ಡಾಸ್ಪತ್ರೆ ಬೇಕು ಅನ್ನುವ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ನನ್ನ ಸಹಿಯೂ ಅಲ್ಲಿದೆ.

ತೋಟದಮನೆ, ಶಿರಸಿ

ಅಕ್ಕಾ, ನೀವು ಬರೆದದ್ದನ್ನು ಆಯಿಗೆ ಓದಿ ಹೇಳಿದೆ. ಊಟ ಮಾಡಿದಳು. ಆದರೆ ನಾನು ರಾತ್ರಿ ಒಂದು ತಪ್ಪು ಮಾಡಿದೆ. ‘ಫ್ಲಿಪಿ’ ಅಂತ ಅಂಕ ಹಾಕುವ ಪದ್ಧತಿ ಸಿಕ್ಕಿತು. ವಯಸ್ಸು 60 ದಾಟಿದೆ, ಒಂದು ಅಂಕ. ಸ್ಟೇಜ್ 4, ಇನ್ನೊಂದು. ಹಿಮೋಗ್ಲೋಬಿನ್ 13.1, ಎಲ್‌ಡಿಎಚ್ (ರಕ್ತದಲ್ಲಿ ನೋಡುವ ಒಂದು ಕಿಣ್ವ) ನಾರ್ಮಲ್, ಗಂಟು ಇರುವ ಜಾಗ ಮೂರೇ. ಒಟ್ಟು ಎರಡು. ಹತ್ತು ವರ್ಷ ದಾಟುವವರು 100ಕ್ಕೆ 51 ಅಂತ ಬಂತು. ಅಂದ್ರೆ ನಾಣ್ಯ ಚಿಮ್ಮಿದ ಹಾಗೆ? ನಿದ್ದೆ ಬರಲಿಲ್ಲ.

ಸ್ಲೈಡ್ ನೋಡುವವಳು

ಅಂಕ ಸರಿಯಾಗಿಯೇ ಹಾಕಿದ್ದೀರಿ. ಈಗ ನೀವು ಓದದೆ ಬಿಟ್ಟದ್ದು ಕೇಳಿ. ಆ ಲೆಕ್ಕ ಪ್ರಕಟವಾದದ್ದು 2004ರಲ್ಲಿ. ಅದರಲ್ಲಿದ್ದ ರೋಗಿಗಳಿಗೆ ಕಾಯಿಲೆ ಗೊತ್ತಾದದ್ದು 1985ರಿಂದ 1992ರ ನಡುವೆ. ಯಾರಿಗೂ ಮೊದಲ ಚಿಕಿತ್ಸೆಯಾಗಿ ರಿಟುಕ್ಸಿಮ್ಯಾಬ್ ಸಿಕ್ಕಿಲ್ಲ, ಆಗ ಇರಲೇ ಇಲ್ಲ. ಜೊತೆಗೆ 60 ದಾಟಿದವರು ಹತ್ತು ವರ್ಷದಲ್ಲಿ ಹೃದಯ, ಸಕ್ಕರೆ ಕಾಯಿಲೆ ಅಂತ ತೀರಿಕೊಂಡರೂ ಆ ಲೆಕ್ಕದಲ್ಲಿ ಸೇರಿದೆ.

ಆದರೂ ಅಂಕ ಯಾಕೆ ಬೇಕು ಅಂದರೆ, ಗ್ರೇಡ್ ಒಂದೇ ಸಾಲದು. ಗ್ರೇಡ್ ಕಾಯಿಲೆಯ ಸ್ವಭಾವ ಹೇಳುತ್ತದೆ, ಮನುಷ್ಯನ ಬಗ್ಗೆ ಹೇಳುವುದಿಲ್ಲ. ಅಗ್ರೆಸಿವ್ ಕಾಯಿಲೆಗೆ 1993ರಿಂದ ಐಪಿಐ ಅಂತ ಇಂಥದೇ ಅಂಕದ ಪದ್ಧತಿ ಇದೆ. ವಯಸ್ಸು, ಸ್ಟೇಜ್, ಎಲ್‌ಡಿಎಚ್, ರೋಗಿ ಎದ್ದು ಓಡಾಡುತ್ತಾರಾ, ಗ್ರಂಥಿಯ ಹೊರಗೆ ಎಷ್ಟು ಕಡೆ ಇದೆ. ಇವು ಐದೂ ಸೇರಿ ಸ್ಲೈಡಿನಲ್ಲಿ ನನಗೆ ಕಾಣದ್ದನ್ನು ಹೇಳುತ್ತವೆ.

ಗ್ರೇಡ್ ಮೋಸ ಮಾಡುವುದೂ ಉಂಟು. ಮ್ಯಾಂಟಲ್ ಸೆಲ್ ಲಿಂಫೋಮಾ ಅಂತ ಒಂದಿದೆ. ಸಣ್ಣ ಜೀವಕೋಶ, ನೋಡಲು ಸಾಧು. ನಡತೆ ಎಷ್ಟೋ ಸಲ ಹಾಗಲ್ಲ. ಇಂಥವನ್ನು ಸಣ್ಣದು-ದೊಡ್ಡದು ಅಂತ ಒಂದೇ ರಾಶಿಗೆ ಹಾಕಿದ್ದು ತಪ್ಪು ಅಂತಲೇ 1994ರ ನಂತರ ಮೂರು ರಾಶಿಯ ಪದ್ಧತಿ ಹಿಂದೆ ಸರಿದು, ಒಂದೊಂದು ಕಾಯಿಲೆಗೂ ಅದರದೇ ಹೆಸರು ಬಂತು. 2022ರ ಹೊಸ ವರ್ಗೀಕರಣದಲ್ಲಂತೂ ಸಾಮಾನ್ಯ ಫಾಲಿಕ್ಯುಲರಿಗೆ 1, 2, 3ಎ ಅಂತ ಬರೆಯಲೇಬೇಕು ಅನ್ನುವ ಕಡ್ಡಾಯವೂ ಇಲ್ಲ. ನಾನು ಇನ್ನೂ ಬರೆಯುತ್ತೇನೆ, ಡಾಕ್ಟರುಗಳು ಕೇಳುತ್ತಾರೆ.

ಔಷಧ ಕೊಡದ ವಿಷಯ. ತೊಂದರೆ ಇಲ್ಲದ ಲೋ ಗ್ರೇಡ್ ರೋಗಿಗಳಲ್ಲಿ ಅರ್ಧ ಜನಕ್ಕೆ ತಕ್ಷಣ ಕೀಮೋ ಕೊಟ್ಟು, ಉಳಿದವರನ್ನು ಕಾದು ನೋಡಿದ್ದಾರೆ. ಬದುಕಿದ ವರ್ಷಗಳಲ್ಲಿ ವ್ಯತ್ಯಾಸ ಬರಲಿಲ್ಲ. ಹಾಗಾಗಿ ಕಾಯುವುದು ಕೈಬಿಟ್ಟದ್ದಲ್ಲ, ಅದೂ ಒಂದು ಚಿಕಿತ್ಸಾ ಕ್ರಮ. ಆದರೆ ಮೂರು ತಿಂಗಳು ಅಂದರೆ ಮೂರೇ ತಿಂಗಳು. ವರ್ಷಕ್ಕೆ 100ರಲ್ಲಿ ಎರಡು ಮೂರು ಮಂದಿಗೆ ನಿಧಾನದ್ದು ಜೋರಿನದಾಗಿ ಬದಲಾಗುತ್ತದೆ. ಒಂದೇ ಗಂಟು ದಿಢೀರನೆ ಬೆಳೆದರೆ, ಬೆವರು, ಜ್ವರ, ತೂಕ ಇಳಿಕೆ ಬಂದರೆ ತಾರೀಕಿಗೆ ಕಾಯಬೇಡಿ. ಆಗ ಹೊಸ ಬಯಾಪ್ಸಿ ಬೇಕು, ಹಳೆಯ ಗ್ರೇಡ್ ಆಗ ಕೆಲಸಕ್ಕೆ ಬಾರದು.

ಕಾಳಿ ಸೇತುವೆ, ಕಾರವಾರ

ಇದೆಲ್ಲ ನನಗೆ 2013ರಲ್ಲಿ ಯಾರಾದರೂ ಹೇಳಿದ್ದರೆ! ನಾನು ‘ನೂರಕ್ಕೆ ಅರವತ್ತು’ ಅಂತ ಒಂದೇ ಅಂಕಿ ಹಿಡಿದುಕೊಂಡು ಆರು ತಿಂಗಳು ಕಳೆದೆ. ವಾರ್ಡಿನಲ್ಲಿ ಹತ್ತು ಜನ ಕೂತಿದ್ದರೆ ಮನಸ್ಸಿನಲ್ಲೇ ಎಣಿಸುತ್ತಿದ್ದೆ, ಆ ನಾಲ್ಕು ಯಾರು ಅಂತ. ಹುಚ್ಚು.

ತೋಟದಮನೆ, ಶಿರಸಿ

ಮೂರು ತಿಂಗಳಾಯಿತು, ನಿನ್ನೆ ಹೋಗಿ ಬಂದೆವು. ಉಳಿದ ಗಂಟುಗಳು ಹಾಗೇ ಇವೆ, ಒಂದು ಸ್ವಲ್ಪ ಸಣ್ಣದಾಗಿದೆ. ರಕ್ತ ಸರಿ ಇದೆ. ಮತ್ತೆ ಮೂರು ತಿಂಗಳು. ನಾನು ಪಟ್ಟಿ ಮಾಡಿಕೊಂಡು ಹೋಗಿದ್ದ ಒಂಬತ್ತು ಪ್ರಶ್ನೆ ಕೇಳಿದೆ, ಈ ಸಲ ಡಾಕ್ಟರು ಅರ್ಧ ಗಂಟೆ ಕೂತು ಹೇಳಿದರು. ಅಪ್ಪಯ್ಯ ಕೇಳಿದ್ದು ಒಂದೇ, ಸೊಪ್ಪಿನ ಬೆಟ್ಟ ಹತ್ತಬಹುದಾ ಅಂತ. ಹತ್ತಿ ಅಂದರು. ಇವತ್ತು ಬೆಳಿಗ್ಗೆ ಕತ್ತಿ ಹಿಡಿದು ಹೋಗಿಯಾಯಿತು. ಅಣ್ಣ ಹಿಂದಿನಿಂದ ಓಡಿದ.

ಭಟ್ಕಳ ಮಲ್ಲಿಗೆ

ಅತ್ತೆಗೆ ಸೋಮವಾರ ಗಂಟು ತೆಗೆಯುತ್ತಾರೆ. ಫಾರ್ಮಲಿನ್ ಕೇಳಿದೆ, ಡಬ್ಬಿ ತೋರಿಸಿದರು. ಮೇಡಂ, ಮೇಣದ ಬ್ಲಾಕ್ ನಮಗೆ ವಾಪಸ್ ಕೊಡುತ್ತಾರಾ?

ಸ್ಲೈಡ್ ನೋಡುವವಳು

ಬರೆದು ಕೇಳಿದರೆ ಕೊಡುತ್ತಾರೆ. ಸ್ಲೈಡ್ ಜೊತೆ ಬ್ಲಾಕನ್ನೂ ತೆಗೆದುಕೊಳ್ಳಿ, ಬೇರೆ ಕಡೆ ಇನ್ನೊಂದು ಅಭಿಪ್ರಾಯ ಕೇಳುವಾಗ ಎರಡೂ ಬೇಕು. ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ, ಕರಗುತ್ತದೆ.